ಬಾತುಕೋಳಿ ಮೂಲೆ

ಓವರ್‌ಲೇಕ್, ರೆಡ್ಮಂಡ್
24 ಆಗಸ್ಟ್ 2025

ಸಿರಿಲ್ ಸರ್‌ಗೆ ಕಲ್ಮೇಶನ ನಮಸ್ಕಾರ.

ನೀವು ಕ್ಲಬ್ಬಿನ ವಾಟ್ಸಾಪ್ ಗುಂಪು ಬಿಟ್ಟು ಹನ್ನೊಂದು ವರ್ಷ, ಸಿಯಾಟಲ್ ಬಿಟ್ಟು ಮಗಳ ಜೊತೆ ಆಕ್ಲೆಂಡ್ ಸೇರಿ ಆರು ವರ್ಷ. ಫೋನ್ ನಂಬರ್ ಕೂಡ ಬದಲಿಸಿದ್ದೀರಿ. ಈ ಇಮೇಲ್ ವಿಳಾಸ ಕೊಟ್ಟವರು ನಿಮ್ಮ ತಂಗಿ ಆಗ್ನೆಸ್. ಕೊಡುವಾಗ, "ನಾನು ಕೊಟ್ಟದ್ದು ಅಂತ ಹೇಳ್ಬೇಡಿ ಆಯ್ತಾ" ಎಂದಿದ್ದರು. ಹೇಳಿಬಿಟ್ಟೆ. ಇಷ್ಟು ವರ್ಷದ ಮೇಲೆ ಬರೆಯುವ ಪತ್ರವನ್ನು ಸುಳ್ಳಿನಿಂದ ಶುರುಮಾಡಲು ಮನಸ್ಸಾಗಲಿಲ್ಲ.

ವಿಷಯ ಇಷ್ಟೇ. ನಮ್ಮ ಗರಡಿ ರಗ್ಬಿ ಲೀಗ್ ಕ್ಲಬ್ಬಿಗೆ ಈ ವರ್ಷ ಹದಿನೈದು ತುಂಬಿತು. ಕ್ಲಬ್ಬಿನ ಚರಿತ್ರೆ, ನಾವು ಆಡಿದ ಮೈದಾನಗಳ ಚರಿತ್ರೆ, ಎರಡನ್ನೂ ಸಣ್ಣದಾಗಿ ಬರೆದು ಒಂದು ಬೋರ್ಡ್ ಮಾಡಿಸಬೇಕೆಂದು ಹುಡುಗರ ಆಸೆ. ಎರಡನೆಯ ಮೈದಾನ ನನಗೆ ಗೊತ್ತು, ಓವರ್‌ಲೇಕಿನ ಸ್ಕೂಲಿನದು. ಪ್ಲಾಸ್ಟಿಕ್ ಹುಲ್ಲು, ಬಿದ್ದರೆ ಮೊಣಕೈ ಚರ್ಮ ಹೋಗುತ್ತಿತ್ತು. ಅಲ್ಲಿ ಹೊಸ ಕಟ್ಟಡ ಬಂತು, ನಾವು ಎದ್ದೆವು. ಮೂರನೆಯದು ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ ಗಂಟೆಗೆ ಇಷ್ಟೆಂದು ಬಾಡಿಗೆಗೆ. ಮುಂದಿನವರು ಗೇಟಿನಲ್ಲಿ ನಿಂತು ಕೆಮ್ಮುತ್ತಿದ್ದರು. ಈ ವರ್ಷ ಅದೂ ಇಲ್ಲ. ಎಲ್ಲ ಪಂದ್ಯ ಪರರ ಮನೆಯಲ್ಲಿ.

ಆದರೆ ಮೊದಲನೆಯದು, ಕರ್ಕ್‌ಲ್ಯಾಂಡಿನ ಚರ್ಚಿನ ಹಿಂದಿನ ಮೈದಾನ, ಅದು ನಿಮ್ಮದು. ಭಾನುವಾರ ಪಾರ್ಕಿನಲ್ಲಿ ಕಬಡ್ಡಿ ಆಡುತ್ತಿದ್ದ ನಮ್ಮನ್ನು ಬೇಲಿ ಆಚೆ ನಿಂತು ನೋಡಿ, "ಹಿಡಿಯಲಿಕ್ಕೆ ಬರ್ತದಲ್ಲ ನಿಮಗೆ, ಉಳಿದದ್ದು ನಾನು ಕಲಿಸ್ತೇನೆ" ಎಂದು ಅಲ್ಲಿಗೆ ಎಳೆದುಕೊಂಡು ಹೋದವರು ನೀವು. ಮೊದಲ ಪಂದ್ಯ ನೆನಪಿದೆಯಾ? ಚೆಂಡು ಹಿಡಿದು ಓಡಿದೆ, ಎದುರಾಳಿ ಕೆಡವಿದ. ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸಬೇಕಿತ್ತು. ನಾನು ಚೆಂಡು ಅಲ್ಲೇ ಇಟ್ಟು, ಶಿಸ್ತಾಗಿ ಗೆರೆಯ ಹೊರಗೆ ಹೋಗಿ ಕುಳಿತೆ. ನೀವು ಕೂಗಾಡಿದಿರಿ. ನಾನು ಹೇಳಿದ್ದೆ: "ಔಟ್ ಆಗೀನಿ ಸರ್. ಕುಂತೀನಿ. ಮನಿಗೇನ್ ಹೋಗಿಲ್ಲಲ್ಲ, ನಮ್ಮವ್ರು ಪಾಯಿಂಟ್ ತಂದ್ರ ಒಳಗ ಬರ್ತೀನಿ." ನನ್ನ ಹಿಂದೆ ಇನ್ನೂ ನಾಲ್ವರು ಬಂದು ಸಾಲಾಗಿ ಕೂತರು. ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡೇ ನಕ್ಕಿದ್ದ.

ಅಂಥವನ್ನೆಲ್ಲ ಬರೆದು ಕಳಿಸಿ. ನಿಮ್ಮದೊಂದು ಫೋಟೋ ಕೂಡ.

ನಿಮ್ಮ
ಕಲ್ಮೇಶ

---

ಆಕ್ಲೆಂಡ್
27 ಆಗಸ್ಟ್ 2025

ಕಲ್ಮೇಶ,

ಫೋಟೋ ಯಾಕೆ, ಹಾರ ಹಾಕಲಿಕ್ಕಾ? ನಾನಿನ್ನೂ ಇದ್ದೇನೆ. ಬೆಳಿಗ್ಗೆ ಎರಡು ಇಡ್ಲಿ ಜಾಸ್ತಿಯೇ ತಿನ್ನುತ್ತೇನೆ.

ಚರಿತ್ರೆ ಬೇಕಾದರೆ ಇಷ್ಟು ಬರೆದುಕೊ: ನಮಗೊಂದು ಮೈದಾನ ಇತ್ತು. ಒಂದು ಮೂಲೆ ಒದ್ದೆ ಆಯಿತೆಂದು ಎಲ್ಲರೂ ಕೈಯೆತ್ತಿ ಪ್ಲಾಸ್ಟಿಕ್ ಹುಲ್ಲಿಗೆ ಓಡಿದರು. ಆಮೇಲೆ ಊರೂರು ಅಲೆದರು. ಬೋರ್ಡಿನಲ್ಲಿ ಜಾಗ ಉಳಿಯುತ್ತದೆ, ಅಲ್ಲಿ ಯಾರದ್ದಾದರೂ ಜಾಹೀರಾತು ಹಾಕಿ.

ಆಗ್ನೆಸ್‌ಗೆ ನಾನು ಬೇರೆ ಬರೆಯುತ್ತೇನೆ.

ಸಿರಿಲ್

---

ಓವರ್‌ಲೇಕ್
14 ಸೆಪ್ಟೆಂಬರ್ 2025

ಸಿರಿಲ್ ಸರ್,

ಬೈದು ಬರೆದಿದ್ದರೂ ಬರೆದಿರಲ್ಲ, ಅಷ್ಟು ಸಾಕಾಯಿತು. ಎರಡು ವಾರ ಉತ್ತರಿಸದೆ ಇದ್ದದ್ದು ಸಿಟ್ಟಿನಿಂದಲ್ಲ. ನಾಚಿಕೆಯಿಂದ. ಈಗ ಪೂರ್ತಿ ಹೇಳುತ್ತೇನೆ.

ಬೋರ್ಡು ನಿಜ, ಆದರೆ ಬೋರ್ಡಿಗಾಗಿ ನಾನು ಬರೆದದ್ದಲ್ಲ. ಈ ವರ್ಷ ನಾವು ಲೀಗಿನಲ್ಲಿ ಮೊದಲನೆಯವರು ಸರ್! ಉಳಿದ ಪಂದ್ಯ ಸೋತರೂ ಮೊದಲ ಸ್ಥಾನ ನಮ್ಮದೇ. ಅಕ್ಟೋಬರ್ ಹನ್ನೊಂದಕ್ಕೆ ಟಕೋಮಾ ತಂಡದ ಜೊತೆ ಫೈನಲ್. ಮೊದಲ ಸ್ಥಾನದವರ ಸ್ವಂತ ಮೈದಾನದಲ್ಲಿ ಫೈನಲ್ ನಡೆಯಬೇಕೆಂಬುದು ನಿಯಮ. ಸ್ವಂತ ಮೈದಾನವೇ ಇಲ್ಲದಿದ್ದರೆ ಟಕೋಮಾದಲ್ಲಿ. ಅಲ್ಲಿ ಅವರನ್ನು ಯಾರೂ ಸೋಲಿಸಿದ್ದಿಲ್ಲ.

ಎಲ್ಲ ಕಡೆ ಕೇಳಿ ಸಾಕಾಗಿ ಕೊನೆಗೆ ಆಗ್ನೆಸ್ ಅವರ ಬಾಗಿಲಿಗೆ ಹೋದೆ. ಅವರೀಗ ಚರ್ಚಿನ ಸಮಿತಿಯಲ್ಲಿದ್ದಾರೆ. ಫಾದರ್ ಜೊತೆ ಮಾತಾಡಿ ನಮ್ಮ ಹಳೆಯ ಮೈದಾನವನ್ನೇ ಕೊಡಿಸಿದರು. ಒಂದೇ ಷರತ್ತು: ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಲೀಗಿನವರು ಬಂದು ನೋಡುವಾಗ ಆ ತಗ್ಗಿನ ಮೂಲೆ ಒಣಗಿರಬೇಕು. ಇಲ್ಲದಿದ್ದರೆ ಪಂದ್ಯ ಇಲ್ಲ, ಮುಂದೆ ಕೇಳಲಿಕ್ಕೂ ಬರುವಂತಿಲ್ಲ.

ನಾನು ಗದಗ ಕಡೆಯವನು. ಹೊಲದಲ್ಲಿ ನೀರಿನ ಸಮಸ್ಯೆ ಬಂದರೆ ಕೈ ತಾನಾಗಿ ಒಡ್ಡು ಹಾಕುತ್ತದೆ. ಮೇಲಿನ ಇಳಿಜಾರಿನಿಂದ ನೀರು ಬರುತ್ತಿದೆ, ತಡೆದರೆ ಸರಿಹೋಗುತ್ತದೆ ಎಂದುಕೊಂಡೆ. ತಂಡದ ಚನ್ನವೀರ, ಗಗನ್, ನಾನು ಎರಡು ಶನಿವಾರ ಮಣ್ಣು ಹೊತ್ತು ಮೂಲೆಯ ಸುತ್ತ ಚೆಂದದ ಒಡ್ಡು ಹಾಕಿದೆವು. ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ.

ನೀರು ಮೇಲಿನಿಂದ ಬರುತ್ತಿರಲಿಲ್ಲ. ನೆಲದಡಿಯಿಂದ ಒಸರುತ್ತಿತ್ತು. ನಾವು ಅದಕ್ಕೊಂದು ಕಟ್ಟೆ ಕಟ್ಟಿಕೊಟ್ಟಿದ್ದೆವು. ಈಗ ಅಲ್ಲಿ ಮೊಣಕಾಲುದ್ದ ಕೆರೆ. ಬಾತುಕೋಳಿಗಳು ಬಂದು ಸಂಸಾರ ಹೂಡಿವೆ.

ನಿನ್ನೆ ಟಕೋಮಾದವರು ಮೈದಾನ ನೋಡಲು ಬಂದಿದ್ದರು. ಕೆರೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಬಾತುಕೋಳಿಗಳಿಗೆ ಬ್ರೆಡ್ ಹಾಕಿದರು. ಅವರ ಕೋಚ್ ಹೋಗುವಾಗ ನನ್ನ ಭುಜ ತಟ್ಟಿ, ಟಕೋಮಾದಲ್ಲಿ ಸಿಗೋಣ ಎಂದ. ನಿಮ್ಮ ಸೋದರಳಿಯ ಮೆಲ್ರಾಯ್, ಈಗ ನಮ್ಮ ತಂಡದ ಅತಿ ವೇಗದ ಓಟಗಾರ, ಒಡ್ಡಿನ ಮೇಲೆ ಕೂತು "ಅಂಕಲ್, ವೀ ಬಿಲ್ಟ್ ಎ ಲೇಕ್" ಎಂದ. ಮನೆಗೆ ಬಂದರೆ ನನ್ನ ಹೆಂಡತಿ ಗೌರಾದೇವಿ, "ನೀರು ಹಿಡಿಯೂದು ಬಿಟ್ರ ನಿಮ್ಮ ಮಂದಿಗೆ ಬ್ಯಾರೆ ಏನರ ಬರ್ತೈತೇನ್ರಿ?" ಎಂದು ಕೇಳಿದಳು. ಬರುವುದಿಲ್ಲ ಸರ್. ನಿಮಗೆ ಬರುತ್ತದಾ?

ಈ ಮೂಲೆಯಲ್ಲಿ ಚನ್ನವೀರನ ಮೊಣಕಾಲು ಹೋದದ್ದಕ್ಕೇ ಅಲ್ಲವೇ ನಾವು ಮೈದಾನ ಬಿಟ್ಟದ್ದು. ಈಗ ಅವನೇ ಹಟ ಹಿಡಿದಿದ್ದಾನೆ: ಆಡಿದರೆ ಇಲ್ಲೇ.

ಕಲ್ಮೇಶ

---

ಆಕ್ಲೆಂಡ್
15 ಸೆಪ್ಟೆಂಬರ್ 2025

ಎಂತ ಮಾಡಿ ಹಾಕಿದ್ದೀ ಮಾರಾಯ!

ನಿನ್ನ ಪತ್ರ ಓದಿ ನನಗೆ ಕೂರಲಿಕ್ಕಾಗಲಿಲ್ಲ. ಮಗಳು ಸಿಂಥಿಯಾಗೆ ಓದಿ ಹೇಳಿದೆ. ಬಾತುಕೋಳಿ ಬಂದಲ್ಲಿಗೆ ಅವಳು ನಕ್ಕು ನಕ್ಕು ಚಹಾ ಚೆಲ್ಲಿದಳು. ನಾನು ನಗಲಿಲ್ಲ.

ಕೇಳು. ನಾನು ಕರಾವಳಿಯ ಕಿನ್ನಿಗೋಳಿಯವ. ನಮ್ಮಲ್ಲಿ ಜೂನ್ ತಿಂಗಳಲ್ಲಿ ನೀರನ್ನು ಹಿಡಿಯಲು ಹೊರಟವನ ಮನೆಯೇ ಹೋಗುತ್ತದೆ. ನಮಗೆ ಕಲಿಸುವುದು ಒಂದೇ, ನೀರಿಗೆ ದಾರಿ ಬಿಡುವುದು. ಆ ಮೂಲೆಯಲ್ಲಿ ಒರತೆ ಇದೆ. ಎರಡು ಸಾವಿರದ ಹತ್ತರಲ್ಲಿ, ನಿಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಬರುವ ಮೊದಲೇ, ನಾನು ಅಲ್ಲೊಂದು ಕಣಿ ತೋಡಿದ್ದೇನೆ, ನಿಮ್ಮ ಭಾಷೆಯಲ್ಲಿ ನೀರು ಹೋಗುವ ಕಾಲುವೆ. ಮೂಲೆಯ ಬಾವುಟದ ಕಂಬದಿಂದ ನೇರ ಬೇಲಿಗೆ. ಒಳಗೆ ತೂತಿನ ಪೈಪು, ಸುತ್ತ ದಪ್ಪ ಜಲ್ಲಿ, ಮೇಲೆ ಮಣ್ಣು, ಹುಲ್ಲು. ಅದರ ಬಾಯಿ ಬೇಲಿಯ ಆಚೆ ರಸ್ತೆಯ ಚರಂಡಿಗೆ ತೆರೆಯುತ್ತದೆ. ಮೂರು ವರ್ಷ ನೀವು ಒಣ ನೆಲದಲ್ಲಿ ಆಡಿದ್ದು ದೇವರು ಕೊಟ್ಟದ್ದೆಂದು ತಿಳಿದಿದ್ದಿರಾ?

ಆಮೇಲೆ ಬ್ಲ್ಯಾಕ್‌ಬೆರಿ ಮುಳ್ಳು ಬೆಳೆದು ಬೇರು ಪೈಪಿನ ಬಾಯಿಗೆ ನುಗ್ಗಿತು. ಅದಕ್ಕೇ ಮೂಲೆ ಕೆಟ್ಟದ್ದು. ಆ ಏಪ್ರಿಲ್‌ನಲ್ಲಿ ಮುಳ್ಳು ಕಡಿದು ಬಾಯಿ ಬಿಡಿಸಲು ಕತ್ತಿ, ಕೈಗವಸು ಎಲ್ಲ ತಂದಿಟ್ಟಿದ್ದೆ. ಅಷ್ಟರಲ್ಲಿ ನೀವು ಮೀಟಿಂಗ್ ಮಾಡಿ ಮೈದಾನ ಬಿಡುವುದೆಂದು ತೀರ್ಮಾನಿಸಿಬಿಟ್ಟಿರಿ. ಅದೂ ನಾನು ಬರಲಾರದ ದಿನವೇ ಹುಡುಕಿ. ಈಸ್ಟರ್ ಭಾನುವಾರ! ಹೊರಗೆ ಹೋಗು ಎಂದು ಬಾಯಿ ಬಿಟ್ಟು ಹೇಳಿದ್ದರೂ ಅಷ್ಟು ಬೇಸರ ಆಗುತ್ತಿರಲಿಲ್ಲ. ಆ ಸಂಜೆಯೇ ಗುಂಪು ಬಿಟ್ಟೆ. ಇವತ್ತಿಗೂ ನೆನಪಾದರೆ ಹೊಟ್ಟೆ ಉರಿಯುತ್ತದೆ, ಹೇಳಿಯೇ ಬಿಡುತ್ತೇನೆ.

ಅದಿರಲಿ. ಮೊದಲು ನಿನ್ನ ಆ ಚೆಂದದ ಒಡ್ಡನ್ನು ಒಡೆ. ಆಮೇಲೆ ಬೇಲಿಯ ಆಚೆ ಹೋಗಿ ಮುಳ್ಳು ಕಡಿಯಿರಿ. ಉದ್ದ ತೋಳಿನ ಅಂಗಿ ಹಾಕು. ಪೈಪು ಬೇಲಿಯ ಮೂಲೆಗಂಬದ ಬುಡದಲ್ಲಿದೆ. ಒಳಗೆ ತಂತಿ ಹಾಕಿ ಬೇರು ಎಳೆಯಿರಿ. ನೀರು ಬರುವಾಗ ಎದುರಿಗೆ ನಿಲ್ಲಬೇಡ.

ಮತ್ತೊಂದು. ಮೊದಲ ಸ್ಥಾನ ಎಂದು ನನಗೇ ಹೊಸ ಸುದ್ದಿ ಹೇಳಿದಂತೆ ಬರೆದಿದ್ದೀ. ಲೀಗಿನ ಪಟ್ಟಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಜೂನ್‌ನಲ್ಲಿ ಸ್ಪೊಕೇನ್‌ನವರ ಮೇಲೆ ಅಷ್ಟು ಸುಲಭದ ಪಂದ್ಯ ಯಾಕೆ ಸೋತಿರಿ?

ಸಿರಿಲ್

---

ಓವರ್‌ಲೇಕ್
22 ಸೆಪ್ಟೆಂಬರ್ 2025

ಸಿರಿಲ್ ಸರ್,

ನಿಂತಿದ್ದೆ, ಎದುರಿಗೇ ನಿಂತಿದ್ದೆ. ಕಡಿಯುವ ಮೊದಲು ನೀವು ಹೇಳಿದ್ದು ನೆನಪಿತ್ತು, ಕಡಿಯುವಾಗ ಮರೆತಿತ್ತು. ಚನ್ನವೀರ ತಂತಿ ಎಳೆದ, ನನ್ನ ತೊಡೆ ದಪ್ಪದ ಬೇರಿನ ಗಂಟು ಹೊರಬಂತು, ಹಿಂದೆಯೇ ಹನ್ನೊಂದು ವರ್ಷದ ಕೊಳೆನೀರು ನನ್ನ ಎದೆಗೆ ಹೊಡೆಯಿತು. ಎಲ್ಲರೂ ಹೋ ಎಂದು ಕೂಗಿದರು. ಚರ್ಚಿನಿಂದ ಫಾದರ್ ಓಡಿ ಬಂದರು, ಯಾರಿಗೋ ಏನೋ ಆಯಿತೆಂದು. ಮರುದಿನ ಮಧ್ಯಾಹ್ನ ಕೆರೆ ಇರಲಿಲ್ಲ. ಬಾತುಕೋಳಿಗಳು ಬೇಸರದಿಂದ ಸ್ವಲ್ಪ ಹೊತ್ತು ಅಡ್ಡಾಡಿ ಲೇಕ್ ಕಡೆ ಹೋದವು. ಮರಳು ಹಾಕಿ ಹೊಸ ಹುಲ್ಲಿನ ಹಾಸು ತಂದು ಹಾಕಿದ್ದೇವೆ. ಕಾಲಿಟ್ಟರೆ ಗಟ್ಟಿ ನೆಲ ಸರ್. ನನಗೆ ಅಳು ಬಂತು. ಎದೆಯ ಮೇಲಿನ ಕೆಸರು ತೊಳೆಯುವ ನೆಪದಲ್ಲಿ ಮುಖವನ್ನೂ ತೊಳೆದುಕೊಂಡೆ.

ಈಗ ಆ ಮೀಟಿಂಗ್ ವಿಷಯ. ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ. ಅದು ಈಸ್ಟರ್ ಎಂದು ನನಗೆ ಗೊತ್ತಾದದ್ದು ಈಗ, ನಿಮ್ಮ ಪತ್ರದಿಂದ. ಚನ್ನವೀರನಿಗೂ ಗೊತ್ತಿರಲಿಲ್ಲ. ನಮ್ಮ ಹಬ್ಬಕ್ಕಾದರೂ ಪಂಚಾಂಗ ನೋಡುತ್ತೇವೆ, ನಿಮ್ಮ ಹಬ್ಬಕ್ಕೆ ಆಫೀಸ್ ರಜೆ ಇದ್ದರೆ ಮಾತ್ರ ಗೊತ್ತಾಗುತ್ತದೆ. ಈಸ್ಟರ್ ಬರುವುದು ಭಾನುವಾರ, ಭಾನುವಾರ ಹೇಗೂ ರಜೆ. ನಮಗೆ ಅದು ಎಲ್ಲರೂ ಬಿಡುವಾಗಿರುವ ಇನ್ನೊಂದು ಭಾನುವಾರ, ಅಷ್ಟೇ. ಆ ದಿನ ನಿಮಗಾಗಿ ಕಾದೆವು. ಗೌರಾದೇವಿ ನಿಮ್ಮ ಪಾಲಿನ ರೊಟ್ಟಿ, ಬದನೆಕಾಯಿ ಪಲ್ಯ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಬರಲಿಲ್ಲ, ಸಂಜೆ ನೋಡಿದರೆ ಗುಂಪಿನಲ್ಲಿ ನಿಮ್ಮ ಹೆಸರೂ ಇಲ್ಲ. ನಮ್ಮ ತೀರ್ಮಾನ ಕೇಳಿಸಿಕೊಳ್ಳುವಷ್ಟು ಮನಸ್ಸೂ ನಿಮಗಿಲ್ಲ ಎಂದುಕೊಂಡೆ. ನನಗೂ ಹೊಟ್ಟೆ ಉರಿಯಿತು, ಫೋನ್ ಮಾಡಲಿಲ್ಲ.

ಇದನ್ನು ಗೌರಾದೇವಿಗೆ ಹೇಳಿದೆ. "ಹನ್ನೊಂದು ವರ್ಷ ಇಬ್ರೂ ಬಾಯಿ ಮುಚ್ಕೊಂಡು ಕುಂತಿದ್ರಲ್ಲ, ಆ ಪೈಪಿನಂಗ" ಎಂದಳು.

ಪಂದ್ಯಕ್ಕೆ ಒಂದು ಮಾತು ಹೇಳಿ ಸರ್, ಹುಡುಗರಿಗೆ ಓದಿ ಹೇಳುತ್ತೇನೆ.

ಕಲ್ಮೇಶ

---

ಆಕ್ಲೆಂಡ್
9 ಅಕ್ಟೋಬರ್ 2025

ಕಲ್ಮೇಶ,

ಲೀಗಿನವರು ಮೈದಾನ ಒಪ್ಪಿದರೆಂದು ಆಗ್ನೆಸ್ ಹೇಳಿದಳು. ಸಂತೋಷ.

ರೊಟ್ಟಿಯ ವಿಷಯ ನನಗೆ ಗೊತ್ತಿರಲಿಲ್ಲ. ಏನು ಬರೆಯುವುದೆಂದು ಯೋಚಿಸುತ್ತಾ ಇಷ್ಟು ದಿನ ಹೋಯಿತು. ಗೌರಾದೇವಿಗೆ ನನ್ನ ನಮಸ್ಕಾರ ಹೇಳು.

ಹುಡುಗರಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಹಿಡಿಯುವುದು ನಿಮಗೆ ಹುಟ್ಟಿನಿಂದ ಬಂದದ್ದು, ಅದನ್ನು ಮರೆಯಬೇಡಿ. ಹಿಡಿದ ಮೇಲೆ ಬಿಡಿ. ಬಿದ್ದ ಮೇಲೆ ಏಳಿ. ಆರು ಸಲ ಹಿಡಿದರೆ ಚೆಂಡು ನಮ್ಮದು. ಐದನೆಯ ಸಲಕ್ಕೆ ಯಾರೂ ಸುಸ್ತಾದೆ ಎನ್ನಬೇಡಿ. ಮೆಲ್ರಾಯ್ ಮೂಲೆಯ ಕಡೆ ಇರಲಿ.

ಪಂದ್ಯದ ಹೊತ್ತಿಗೆ ನಮಗಿಲ್ಲಿ ಭಾನುವಾರ ಬೆಳಿಗ್ಗೆ, ಪೂಜೆಯ ಸಮಯ. ನಾನು ಚರ್ಚಿನಲ್ಲಿರುತ್ತೇನೆ. ಫಲಿತಾಂಶ ಆಮೇಲೆ ತಿಳಿಸು.

ಸಿರಿಲ್

---

ಓವರ್‌ಲೇಕ್
12 ಅಕ್ಟೋಬರ್ 2025

ಸಿರಿಲ್ ಸರ್!

ಗೆದ್ದೆವು! ಗೆದ್ದೆವು! ಇನ್ನೊಮ್ಮೆ ಬರೆಯುತ್ತೇನೆ, ಗೆದ್ದೆವು!

ಗಂಟಲು ಹೋಗಿದೆ, ಆದ್ದರಿಂದ ಬರೆಯುವುದೇ ಒಳ್ಳೆಯದು. ಬೆಳಿಗ್ಗೆ ಸಣ್ಣ ಮಳೆ. ನಾನು ಎದ್ದವನೇ ಮೈದಾನಕ್ಕೆ ಓಡಿ ಬೇಲಿಯ ಆಚೆ ಹೋಗಿ ಪೈಪಿನ ಬಾಯಿ ನೋಡಿದೆ. ನೀರು ಸದ್ದು ಮಾಡುತ್ತಾ ಚರಂಡಿಗೆ ಹೋಗುತ್ತಿತ್ತು. ಆಗಲೇ ನನಗೆ ಅರ್ಧ ಧೈರ್ಯ ಬಂತು. ಹುಡುಗರು ಒಳಗೆ ಹೋಗುವಾಗ ಎಂದಿನಂತೆ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡರು. ಫಾದರ್ ಕೂಡ ಬಗ್ಗಿ ಒತ್ತಿಕೊಂಡರು, ಯಾಕೆಂದು ಅವರನ್ನೇ ಕೇಳಬೇಕು.

ಟಕೋಮಾದವರು ಗುಡ್ಡದಂತಿದ್ದಾರೆ ಸರ್. ಮೊದಲರ್ಧದಲ್ಲಿ ನಮ್ಮನ್ನು ಅರೆದರು. ಆದರೆ ದ್ವಿತೀಯಾರ್ಧದಲ್ಲಿ ನಮ್ಮವರು ಹಿಡಿಯತೊಡಗಿದರು ನೋಡಿ! ಚನ್ನವೀರ ಅವರ ಅತಿ ದೊಡ್ಡವನ ಪಾದಕ್ಕೆ ಬಿದ್ದು ಎಳೆದ ರೀತಿ, ನಮ್ಮೂರ ಕಬಡ್ಡಿಯ ಹಿಡಿತವೇ. ಅವನು ಬಿದ್ದ ಸದ್ದಿಗೆ ನೆಲ ಅದುರಿತು. ಕೊನೆಯ ಕೆಲವು ನಿಮಿಷಕ್ಕೆ ಅವರು ಇಪ್ಪತ್ತು, ನಾವು ಹದಿನಾರು.

ಇಲ್ಲಿ ಕೇಳಿ. ಆಟವಿಡೀ ನಾನೊಂದು ವಿಚಿತ್ರ ಗಮನಿಸಿದ್ದೆ. ನಮ್ಮ ತಗ್ಗಿನ ಮೂಲೆಯ ಹತ್ತಿರ ಟಕೋಮಾದ ಒಬ್ಬನೂ ನಿಲ್ಲುತ್ತಿರಲಿಲ್ಲ. ಆ ಕಡೆ ಕಾಯಬೇಕಾದ ಹುಡುಗ ಹತ್ತು ಹೆಜ್ಜೆ ಒಳಗೇ ಇರುತ್ತಿದ್ದ. ಅವರ ಮನಸ್ಸಿನಲ್ಲಿ ಅಲ್ಲಿನ್ನೂ ಕೆರೆ ಇದೆ! ಬ್ರೆಡ್ ಹಾಕಿ ಹೋದವರಲ್ಲವೇ. ಮೇಲೆ ಹುಲ್ಲಿದ್ದರೂ ಕೆಳಗೆ ಕೆಸರಿರುತ್ತದೆ, ಅಲ್ಲಿ ಓಡಿದವನು ಹೂತುಹೋಗುತ್ತಾನೆ ಎಂದು ಅವರ ಕೋಚ್ ಹೇಳಿದ್ದನಂತೆ. ಗೆರೆಯ ಹೊರಗಿನಿಂದ ಗಗನ್‌ಗೆ ಕೈಸನ್ನೆ ಮಾಡಿದೆ. ಅವನು ಚೆಂಡನ್ನು ಅಡ್ಡಲಾಗಿ ದೂರಕ್ಕೆ ಎಸೆದ. ಮೆಲ್ರಾಯ್ ಗೆರೆಯ ಪಕ್ಕದಲ್ಲೇ ಹಿಡಿದು ಹಾರಿದ. ಎದುರಿಗೆ ಯಾರೂ ಇಲ್ಲ! ಗಟ್ಟಿ ನೆಲದ ಮೇಲೆ ಓಡಿ ಮೂಲೆಯಲ್ಲಿ, ನೀವು ಕಣಿ ತೋಡಿದ ಅದೇ ಮೂಲೆಯಲ್ಲಿ, ಚೆಂಡನ್ನು ನೆಲಕ್ಕೆ ಒತ್ತಿದ. ನಾಲ್ಕು ಪಾಯಿಂಟ್. ಸಮ ಸಮ.

ಆಮೇಲೆ ಇನ್ನೆರಡು ಪಾಯಿಂಟಿಗಾಗಿ ಅದೇ ಮೂಲೆಯ ಕಡೆಯಿಂದ ಗಗನ್ ಚೆಂಡನ್ನು ಒದೆಯಬೇಕು. ಅಷ್ಟು ಓರೆಯಿಂದ ಕಂಬಗಳ ನಡುವೆ ಕಳಿಸುವುದು ಕಷ್ಟ. ನಾನು ನೋಡಲಿಲ್ಲ, ಬೇಲಿಯ ಕಡೆ ತಿರುಗಿ ನಿಂತೆ. ಗೌರಾದೇವಿ ಕಿರುಚಿದ್ದು ಕೇಳಿ ಗೊತ್ತಾಯಿತು. ಇಪ್ಪತ್ತೆರಡು, ಇಪ್ಪತ್ತು!

ಉಳಿದ ನಿಮಿಷಗಳಲ್ಲಿ ಅವರು ಗುದ್ದಿದ್ದೇ ಗುದ್ದಿದ್ದು. ಹಿಡಿದೆವು, ಬಿಟ್ಟೆವು, ಎದ್ದೆವು, ಮತ್ತೆ ಹಿಡಿದೆವು. ಸೀಟಿ ಊದಿದಾಗ ಚನ್ನವೀರ ಅಂದು ಮೊಣಕಾಲು ಮುರಿದುಕೊಂಡ ಜಾಗಕ್ಕೆ ಕುಂಟುತ್ತಾ ಹೋಗಿ ಉದ್ದಕ್ಕೆ ಮಲಗಿಬಿಟ್ಟ. ಎಬ್ಬಿಸಲು ಹೋದವರೂ ಪಕ್ಕದಲ್ಲಿ ಮಲಗಿದರು. ಟಕೋಮಾದ ಕೋಚ್ ಬಂದು ಹುಲ್ಲನ್ನು ಶೂನಿಂದ ಒತ್ತಿ ಒತ್ತಿ ನೋಡಿದ. "ಹೌ?" ಎಂದು ಕೇಳಿದ. ಕಿನ್ನಿಗೋಳಿ ಎಂದೆ.

ಫಾದರ್ ಅಲ್ಲೇ ಒಪ್ಪಿಗೆ ಕೊಟ್ಟರು. ಮುಂದಿನ ವರ್ಷದಿಂದ ಇದೇ ನಮ್ಮ ಮೈದಾನ. "ಪೂಜೆಯ ಹೊತ್ತಿಗೆ ಸೀಟಿ ಊದಿದ್ರೆ ಮಾತ್ರ ನಾನು ಸುಮ್ಮನಿರುದಿಲ್ಲ" ಎಂದು ಆಗ್ನೆಸ್ ಸೇರಿಸಿದರು. ಆ ಮೂಲೆಗೆ ಹುಡುಗರು ಆಗಲೇ ಬಾತುಕೋಳಿ ಮೂಲೆ ಎಂದು ಹೆಸರಿಟ್ಟಾಗಿದೆ.

ಬೋರ್ಡನ್ನು ಇನ್ನೂ ಬರೆಸಿಲ್ಲ. ಚರಿತ್ರೆ ಬರೆಯುವವರು ಬಂದು ಬರೆಯಲಿ ಎಂದು ಕಾಯುತ್ತಿದ್ದೇನೆ. ಸರ್, ಕಬಡ್ಡಿಯ ನಿಯಮ ನಿಮಗೆ ನಾನು ಕಲಿಸಿದ್ದು ಇದೊಂದೇ: ತಂಡ ಪಾಯಿಂಟ್ ತಂದಾಗ, ಔಟ್ ಆಗಿ ಹೊರಗೆ ಕೂತವರಲ್ಲಿ ಮೊದಲು ಹೋದವನು ಮೊದಲು ಒಳಗೆ ಬರಬೇಕು. ನಿನ್ನೆ ನಾವು ಪಾಯಿಂಟ್ ತಂದೆವು. ಎಲ್ಲರಿಗಿಂತ ಮೊದಲು ಹೊರಗೆ ಹೋದವರು ನೀವು.

ಕಲ್ಮೇಶ

---

ಆಕ್ಲೆಂಡ್
14 ಅಕ್ಟೋಬರ್ 2025

ಪ್ರೀತಿಯ ಕಲ್ಮೇಶ,

ನಾನು ಆ ಬೆಳಿಗ್ಗೆ ಪೂಜೆಗೆ ಹೋಗಲಿಲ್ಲ. ಐವತ್ತು ವರ್ಷದಲ್ಲಿ ಜ್ವರ ಇಲ್ಲದೆ ತಪ್ಪಿಸಿದ್ದು ಇದೇ ಮೊದಲು. ಆಗ್ನೆಸ್ ಫೋನ್ ಹಿಡಿದು ಪೂರ್ತಿ ಪಂದ್ಯ ತೋರಿಸಿದಳು, ಅಂದರೆ ಅರ್ಧ ಪಂದ್ಯ, ಅರ್ಧ ಅವಳ ಹೆಬ್ಬೆರಳು. ಆದರೂ ಮೆಲ್ರಾಯ್ ಓಡಿದ್ದು ಸರಿಯಾಗಿ ಕಂಡಿತು. ಮೂಲೆಯ ನೆಲದಲ್ಲಿ ಅವನ ಕಾಲು ಒಂದಿಷ್ಟೂ ಜಾರಲಿಲ್ಲ. ನಾನು ಕುರ್ಚಿಯ ಮೇಲೆ ಹತ್ತಿ ಕೂಗಿದೆನಂತೆ. ಪಕ್ಕದ ಮನೆಯವರು ಬಂದು ವಿಚಾರಿಸಿದರು. ಸಿಂಥಿಯಾ ಅವರಿಗೆ, "ಅವರ ಟೀಮ್ ಗೆದ್ದಿದೆ" ಎಂದಳು. ಅವರ ಟೀಮ್. ಆ ಮಾತು ಕೇಳಿ ನಾನು ಕುರ್ಚಿಯಿಂದ ಇಳಿದು ಸ್ವಲ್ಪ ಅತ್ತೆ. ಸಂಜೆಯ ಪೂಜೆಗೆ ಹೋದೆ.

ನಿನ್ನ ಒಡ್ಡಿನ ಬಗ್ಗೆ ಬೈದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನೀನು ಆ ಕೆರೆ ಕಟ್ಟದಿದ್ದರೆ ಟಕೋಮಾದವರು ಮೂಲೆ ಬಿಡುತ್ತಿರಲಿಲ್ಲ. ನಿನ್ನ ಒಡ್ಡು, ನನ್ನ ಕಣಿ, ಎರಡನ್ನೂ ಬೋರ್ಡಿನಲ್ಲಿ ಹಾಕೋಣ. ಬಾತುಕೋಳಿಗಳ ಹೆಸರೂ ಇರಲಿ.

ಮಾರ್ಚ್ ಮೊದಲ ವಾರಕ್ಕೆ ನನಗೂ ಸಿಂಥಿಯಾಗೂ ಟಿಕೆಟ್ ಆಗಿದೆ. ಗೌರಾದೇವಿಗೆ ಹೇಳು, ರೊಟ್ಟಿ ಬಾಕಿ ಇದೆ ಎಂದು. ಮೀಟಿಂಗ್ ಇಡುವುದಾದರೆ ಈಸ್ಟರ್ ಏಪ್ರಿಲ್ ಐದಕ್ಕೆ, ಈಗಲೇ ಬರೆದಿಟ್ಟುಕೊ.

ಹುಡುಗರು ನನ್ನ ಬಗ್ಗೆ ಕೇಳಿದರೆ, ಮೊದಲ ಪಂದ್ಯದಲ್ಲಿ ಗೆರೆಯ ಹೊರಗೆ ಕೂತು ನೀನು ನನಗೆ ಹೇಳಿದ್ದನ್ನೇ ಅವರಿಗೂ ಹೇಳು. ಔಟ್ ಆಗಿದ್ದೆ. ಕೂತಿದ್ದೆ. ಮನೆಗೇನೂ ಹೋಗಿರಲಿಲ್ಲ.

ನಿನ್ನ
ಸಿರಿಲ್